ಕತ್ತಲೆಕೋಣೆ ಅತ್ತೆ

ಅಣ್ಣನ ಮಕ್ಕಳು ಅವಳನ್ನು ಕತ್ತಲೆಕೋಣೆ ಅತ್ತೆ ಎಂದೇ ಕರೆಯುತ್ತಿದ್ದರು. ಬೆಳಗಾದರೆ ಲ್ಯಾಬಿನ ಕಿಟಕಿಯಿಲ್ಲದ ಕೋಣೆ ಸೇರಿ, ಕಪ್ಪು ಪರದೆ ಎಳೆದು, ಮೈಕ್ರೋಸ್ಕೋಪಿನ ಮುಂದೆ ಕೂರುವುದು ಅವಳ ಕೆಲಸ.

ಜೀವಕೋಶದ ಮೈಮೇಲೆ ಓಡಾಡುವ ಪ್ರೋಟೀನು ಅದೆಷ್ಟು ಚಿಕ್ಕದೆಂದರೆ ಮಾಮೂಲಿ ಮೈಕ್ರೋಸ್ಕೋಪಿಗೆ ಬರೀ ಮಬ್ಬು. ಅದಕ್ಕೆ ಹೊಳೆಯುವ ಬಣ್ಣ ಅಂಟಿಸಿ, ಲೇಸರ್ ಬೆಳಕು ಬಿಟ್ಟು, ಎಲ್ಲ ಪ್ರೋಟೀನು ಕಣಗಳೂ ಒಟ್ಟಿಗೆ ಹೊಳೆಯದೆ ಅಲ್ಲೊಂದು ಇಲ್ಲೊಂದು ಮಿನುಗುವಂತೆ ಮಾಡಬೇಕು. ಮಿನುಗಿದ ಜಾಗಕ್ಕೆ ಕಂಪ್ಯೂಟರ್ ಗುರುತು ಹಾಕುತ್ತದೆ. ಸಾವಿರಾರು ಚಿತ್ರ ತೆಗೆದು ಗುರುತುಗಳನ್ನು ಪೋಣಿಸಿದರೆ ಒಂದೊಂದು ಕಣ ನಡೆದ ದಾರಿ ಕಾಣುತ್ತದೆ.

"ಅಲ್ಲ ಕಣೇ, ಕಣ್ಣಿಗೆ ಕಾಣದ್ದರ ಹಿಂದೆ ವರ್ಷಗಟ್ಟಲೆ ಓಡ್ತೀಯ, ಎದುರಿಗಿರೋ ತಟ್ಟೆ ಮಾತ್ರ ಕಾಣಲ್ವಾ?" ಎಂದು ಅತ್ತಿಗೆ ರೇಗಿಸುವಳು.

"ತಟ್ಟೆ ಓಡಿಹೋಗಲ್ಲ ಅತ್ತಿಗೆ, ಅದಕ್ಕೇ."

ಆ ವರ್ಷ ಅವಳಿಗೊಂದು ಉತ್ತರ ಸಿಕ್ಕಿತ್ತು. ಒಂದು ಔಷಧಿ ಹಾಕಿದರೆ ಕಣಗಳ ಓಟ ನಿಧಾನವಾಗುತ್ತಿತ್ತು. ಅವಳ ಪ್ರೊಫೆಸರು ಖುಷಿಯಾಗಿ ವಿಜ್ಞಾನ ಪತ್ರಿಕೆಗೆ ಲೇಖನ ಕಳಿಸಲು ಹೊರಟರು. ಅದು ಅಚ್ಚಾದರೆ ಅವಳ ಡಾಕ್ಟರೇಟ್ ಮುಗಿದಂತೆಯೇ.

ಕೊನೆಗೆ ಲೇಖನಕ್ಕೆ ಚಿತ್ರಗಳನ್ನು ಜೋಡಿಸುವಾಗ ಅವಳ ಕೈ ನಿಂತಿತು. ಔಷಧಿ ಹಾಕಿದ ಕೋಶಗಳನ್ನು ಬಹಳ ಹೊತ್ತು ಲೇಸರಿನಡಿ ಇಟ್ಟು ನೋಡಿದ್ದಳು. ಹಾಕದವನ್ನು ಹೋಲಿಕೆಗೆಂದು ಸ್ವಲ್ಪ ಹೊತ್ತಷ್ಟೇ. ಔಷಧಿ ಹಾಕದ ಕೋಶಗಳ ಇನ್ನೊಂದು ಡಿಶ್ ತಂದು ಅದನ್ನೂ ಔಷಧಿ ಹಾಕಿದವುಗಳಷ್ಟೇ ಹೊತ್ತು ಬೆಳಕಿಗೊಡ್ಡಿದಳು. ಕಣಗಳು ಮೊದಮೊದಲು ಚುರುಕಾಗಿಯೇ ಓಡಿದವು, ಆಮೇಲೆ ತಡವರಿಸಿದವು. ಕೋಶದ ಅಂಚು ಮುದುಡಿತು. ನೋಡಲೆಂದು ಬಿಟ್ಟ ಬೆಳಕೇ ಅದನ್ನು ಕೊಲ್ಲುತ್ತಿತ್ತು.

ಬೆಳಕು ತಗ್ಗಿಸಿ ಎರಡೂ ಬಗೆಯ ಕೋಶಗಳನ್ನು ಮತ್ತೆ ನೋಡಿದಳು. ಚಿತ್ರ ಮಸುಕಾಯಿತು, ಸಿಕ್ಕ ಕಣಗಳೂ ಕಡಿಮೆ. ಆದರೆ ಔಷಧಿ ಇದ್ದರೂ ಇಲ್ಲದಿದ್ದರೂ ಓಟ ಒಂದೇ.

"ಸರ್, ಲೇಖನ ಕಳಿಸ್ಬೇಡಿ. ಔಷಧಿ ಏನೂ ಮಾಡ್ತಿಲ್ಲ. ನಾವೇ ಬೆಳಕು ಬಿಟ್ಟು ಕೋಶಗಳನ್ನ ಸುಸ್ತು ಮಾಡಿದ್ದು."

ಪ್ರೊಫೆಸರು ಚಿತ್ರಗಳನ್ನು ಎರಡೆರಡು ಸಲ ನೋಡಿ ಕನ್ನಡಕ ತೆಗೆದರು. "ಈ ಮಸುಕು ಚಿತ್ರ ಯಾರಮ್ಮ ಅಚ್ಚು ಹಾಕ್ತಾರೆ?"

"ಯಾರೂ ಹಾಕಲ್ಲ ಸರ್."

"ಮೊದಲಿಂದ ಶುರು ಮಾಡ್ಬೇಕಾಗುತ್ತೆ. ಗೊತ್ತಲ್ಲ?"

"ಗೊತ್ತು."

ಅವರು ಲ್ಯಾಪ್‌ಟಾಪ್ ಮಡಚಿದರು.

ಸಂಜೆ ವಿಷಯ ಕೇಳಿ ಅತ್ತಿಗೆ ಹಣೆ ಚಚ್ಚಿಕೊಂಡಳು. "ಬಾಯಿ ಮುಚ್ಕೊಂಡು ಇರೋಕಾಗ್ಲಿಲ್ವಾ? ಯಾರಿಗೆ ತಿಳೀತಿತ್ತು?"

"ಇನ್ಯಾರಾದ್ರೂ ಬೆಳಕು ತಗ್ಗಿಸಿ ನೋಡೇ ನೋಡ್ತಾರೆ ಅತ್ತಿಗೆ."

"ನೋಡ್ಲಿ ಬಿಡು! ಅಷ್ಟೊತ್ತಿಗೆ ನೀನು ಡಾಕ್ಟರ್ ಆಗಿರ್ತಿದ್ದೆ."

ಅವಳು ತಟ್ಟೆ ಎಳೆದುಕೊಂಡು ಊಟಕ್ಕೆ ಕೂತಳು. ಮರುದಿನ ಲ್ಯಾಬಿಗೆ ಹೋಗಿ ಹೊಸ ಕೋಶಗಳನ್ನು ಡಿಶ್‌ಗೆ ಹಾಕಿದಳು. ಅವು ತಳಕ್ಕೆ ಅಂಟಿಕೊಂಡ ಮೇಲಷ್ಟೇ ನೋಡಲು ಬರುವುದು, ಅದಕ್ಕೆ ಒಂದು ದಿನ ಬೇಕು.