ತುತ್ತು ತಿನ್ನಿಸಬೇಡಿ ಎಂದ ಡಾಕ್ಟರು

ಸುಂದ್ರವ್ವ ರೂಪಾಲಿಯನ್ನು ಮೊದಲ ಸಲ ಕಂಡ ದಿನ, ಆ ಹುಡುಗಿ ಬಂದವಳೇ ಸೊಸೆ ನಾಗರತ್ನಾಳ ಕೈಯೊಳಗಿನ ತಾಟು ಇಸಿದುಕೊಂಡಿದ್ದಳು.

ಸಯನ್ನಿನ ಆಸ್ಪತ್ರೆಯ ಹೆಂಗಸರ ವಾರ್ಡು ಅದು. ಲಕ್ವಾ ಹೊಡೆದು ಸುಂದ್ರವ್ವನ ಬಲಗೈ ಹಿಂಡಿದ ಅರಿವೆಯ ಹಾಗೆ ಜೋತುಬಿದ್ದಿತ್ತು. ನಾಗರತ್ನಾ ಅನ್ನ ಸಾರು ಕಲಸಿ, ಸಣ್ಣ ಸಣ್ಣ ತುತ್ತು ಮಾಡಿ ಅತ್ತೆಯ ಬಾಯಿಗೆ ಇಡುತ್ತಿದ್ದಳು. ಆಚೆ ಈಚೆ ಹಾಸಿಗೆಯವರು, "ಎಂಥಾ ಸೊಸಿ ಸಿಕ್ಕಾಳ ನಿನಗ" ಎಂದು ಹೊಗಳುವವರೇ. ಅಷ್ಟರಲ್ಲಿ ಬಿಳಿ ಕೋಟಿನ ತೆಳ್ಳನೆಯ ಹುಡುಗಿಯೊಬ್ಬಳು ಬಂದು ತಾಟನ್ನು ಸುಂದ್ರವ್ವನ ಮುಂದಿಟ್ಟಳು.

"ನೀವೇ ಉಣ್ಣಬೇಕು. ಇದೇ ಕೈಯಿಂದ."

"ಈ ಕೈ ಎದ್ದಿದ್ರ ನಾ ಇಲ್ಲ್ಯಾಕ ಬಿದ್ದಿರತಿದ್ದೆ, ಡಾಕ್ಟರಬಾಯಿ?"

"ಚೆಲ್ಲಲಿ. ಚಲೇಗಾ, ನಡೀತದೆ."

ಸುಂದ್ರವ್ವನಿಗೆ ಸಿಟ್ಟು ಬಂತು. ನಾಗರತ್ನಾಳಿಗೆ ಅದಕ್ಕಿಂತ ಹೆಚ್ಚು ಬಂತು. ಹುಡುಗಿ ಯಾರ ಮುಖವನ್ನೂ ನೋಡಲಿಲ್ಲ. ಚಮಚದ ಹಿಡಿಕೆಗೆ ಬಟ್ಟೆಯ ಪಟ್ಟಿ ಸುತ್ತಿ ದಪ್ಪ ಮಾಡಿದಳು. ತಾಟು ಜಾರದಿರಲಿ ಎಂದು ಕೆಳಗೆ ಒದ್ದೆ ಅರಿವೆ ಹಾಕಿದಳು. ಆಮೇಲೆ ಸುಂದ್ರವ್ವನ ಮೊಣಕೈಯ ಕೆಳಗೆ ತನ್ನ ಅಂಗೈ ಆನಿಸಿ, ಎತ್ತದೆ, ಬರೀ ಆನಿಸಿ ನಿಂತಳು. ಮೊದಲ ತುತ್ತು ಸೆರಗಿಗೆ, ಎರಡನೆಯದು ಗದ್ದಕ್ಕೆ. ಮೂರನೆಯದರಲ್ಲಿ ನಾಲ್ಕು ಅಗುಳು ಬಾಯಿಗೆ ಬಿದ್ದವು. ಅಂಥ ರುಚಿಯ ಅನ್ನ ಸುಂದ್ರವ್ವ ತನ್ನ ಮದುವೆಯಲ್ಲೂ ಉಂಡಿರಲಿಲ್ಲ.

ರೂಪಾಲಿಯ ತಂದೆ ಅಣವೀರಪ್ಪ ವಿಜಯಪುರದ ಕಡೆಯವರು, ಕಲ್ಯಾಣದಲ್ಲಿ ಗೋದಾಮಿನ ಆಫೀಸಿನಲ್ಲಿ ಕೆಲಸ. ಮಗಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಅವಳ ಕಿವಿಗೆ ಬರುತ್ತಿತ್ತು, ನಾಲಿಗೆಗೆ ಅರ್ಧ ಬರುತ್ತಿತ್ತು. ಅವಳು ಓದಿದ ವಿದ್ಯೆಯ ಹೆಸರು ಸುಂದ್ರವ್ವನ ಬಾಯಲ್ಲಿ ಕಡೆಯವರೆಗೂ ನಿಲ್ಲಲಿಲ್ಲ. ಅರ್ಥ ಮಾತ್ರ ತಿಳಿದಿತ್ತು. ಜೀವ ಉಳಿಸುವ ಡಾಕ್ಟರು ಬೇರೆ. ಉಳಿದ ಜೀವ ಮತ್ತೆ ಎದ್ದು, ತನ್ನ ಲುಂಗಿ ತಾನು ಸುತ್ತಿಕೊಂಡು, ತನ್ನ ಹೆರಳು ತಾನು ಹಾಕಿಕೊಂಡು ಬದುಕುವ ಹಾಗೆ ಮಾಡುವ ಡಾಕ್ಟರು ಇವಳು.

ರೂಪಾಲಿಯ ಪರೀಕ್ಷೆ ಪಾಸಾಯಿತು, ಹಾಸ್ಟೆಲ್ ಬಿಟ್ಟದ್ದಾಯಿತು. ಆಮೇಲೆ ಶುರುವಾಯಿತು ಅಲೆದಾಟ. ಬೆಳಿಗ್ಗೆ ಒಂದು ಆಸ್ಪತ್ರೆಯಲ್ಲಿ ಇಂಟರ್‌ವ್ಯೂ, ಮಧ್ಯಾಹ್ನದ ಮೇಲೆ ಇನ್ನೊಂದರಲ್ಲಿ. ನಡುವಿನ ಹೊತ್ತಿಗೆ ಕಲ್ಯಾಣಕ್ಕೆ ಹೋಗಿ ಬರುವುದೆಂದರೆ ಆಗದ ಮಾತು. ಸುಂದ್ರವ್ವನ ಕೈ ನೋಡುವ ನೆಪದಲ್ಲಿ ಆಂಟಾಪ್ ಹಿಲ್ಲಿನ ಮನೆಗೆ ಬಂದು, ಅಡಿಗೆಮನೆಯ ಹೊಸ್ತಿಲ ಮೇಲೆ ಕಾಲು ಚಾಚಿ ಕೂಡುತ್ತಿದ್ದಳು. ಅಷ್ಟೊತ್ತಿಗೆ ತಿರುಗಿ ಎದ್ದಿದ್ದ ಬಲಗೈಯಿಂದ ಸುಂದ್ರವ್ವ ರೊಟ್ಟಿ ಬಡಿಯುವಳು. ಅಂಚು ಸೀಳಿದ ರೊಟ್ಟಿ, ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ರೂಪಾಲಿ ಅದನ್ನೇ ಆರಿಸಿ ತೆಗೆದುಕೊಳ್ಳುವಳು.

"ಇವತ್ತೇನಂದ್ರು?"

"ಇವತ್ತಿನವರು ಅಂದ್ರು, ನಮ್ಮಲ್ಲಿ ಕಸರತ್ತು ಮಾಡಿಸೋರು ಇದಾರಲ್ಲ, ಮತ್ತೆ ನೀವ್ಯಾಕೆ ಅಂತ. ನಿನ್ನೆಯವರು ಎಲುಬಿನ ಡಾಕ್ಟರ್ ಅಂದ್ಕೊಂಡಿದ್ರು. ಇಲ್ಲ ಅಂದೆ. ಚಾಯ್ ಕುಡಿಸಿ ಕಳಿಸಿದ್ರು."

ಬಾಗಿಲಿಗೆ ಒರಗಿ ನಿಂತ ಪಕ್ಕದ ಮನೆಯ ರುದ್ರವ್ವ ಸುಮ್ಮನಿರುವವಳಲ್ಲ. "ಹಿಂಗ ಕೂಡೋ ಬದಲಿ ನಮ್ಮ ಯಜಮಾನರ ಕುಡಿತ ಬಿಡಸವ್ವ. ಕುಡಿತ ಬಿಡಸೋ ರಿಹ್ಯಾಬ್ ಅಂತಾರಲ್ಲ, ನಿಂದ ಆ ಡಾಕ್ಟರಕಿನ ಅಂತ ನಮ್ಮ ಹುಡುಗ್ರು ಅಂತಿದ್ರು."

"ಆ ಡಾಕ್ಟರ್ ಬೇರೆ, ಮೌಶಿ."

"ಎಲ್ಲಾನೂ ಬ್ಯಾರೇನ. ಮತ್ತ ನೀ ಯಾವಾಕಿ?"

ರೂಪಾಲಿ ನಕ್ಕಳು. ಬಾಯೊಳಗಿನ ರೊಟ್ಟಿ ಮಾತ್ರ ಬಹಳ ಹೊತ್ತು ನುರಿಯಿತು. ಅಪ್ಪ ಅಣವೀರಪ್ಪನವರು ಮನೆಯಲ್ಲಿ ಮುಖ ಕೊಟ್ಟು ಮಾತಾಡುತ್ತಿರಲಿಲ್ಲವಂತೆ. ಎಲ್ಲಾದರೂ ಅಪಘಾತದ ವಿಭಾಗಕ್ಕೆ ಸಾದಾ ಡಾಕ್ಟರಾಗಿ ಸೇರಿಕೋ ಎಂಬುದು ಅವರ ಮಾತು. "ಸೇರಿದೆ ಅಂದ್ರೆ ಇಷ್ಟು ಓದಿದ್ದು ನೀರಲ್ಲಿ ಹೋಯ್ತು, ಅವ್ವ. ಆಮೇಲೆ ಯಾರೂ ಈ ಕೆಲಸಕ್ಕೆ ಕರೆಯೋದಿಲ್ಲ" ಎಂದಳು.

ಶ್ರಾವಣ ಮುಗಿದ ಮೇಲೆ ಗೋರೆಗಾಂವ್‌ನ ಒಂದು ಹೊಸ ಆಸ್ಪತ್ರೆಯವರು ಕರೆದರು. ಮ್ಯಾನೇಜರ್ ಮನೀಶ ಒಳ್ಳೆಯವನೇ, ಆದರೆ ಲೆಕ್ಕದ ಮನುಷ್ಯ. ದಸರೆಯ ತನಕ ನೋಡೋಣ, ರೋಗಿಗಳ ಮನೆಯವರಿಗೆ ಸರಿ ಕಂಡರೆ ನಿಮಗೊಂದು ವಿಭಾಗ, ಇಲ್ಲವಾದರೆ ಅಪಘಾತದ ಕಡೆ ಕೂಡಬೇಕು ಎಂದ. ರೂಪಾಲಿ ಪೇಢೆ ತಂದಳು. ರುದ್ರವ್ವ ಒಂದಲ್ಲ, ಎರಡು ತಿಂದಳು.

ಆ ಆಸ್ಪತ್ರೆಯಲ್ಲಿ ರೂಪಾಲಿಯ ಕೈಗೆ ಬಂದ ಮೊದಲ ರೋಗಿ ಸಿದ್ದಲಿಂಗಪ್ಪ. ಆ ಕಡೆಯ ಎಷ್ಟೋ ಬಿಲ್ಡಿಂಗುಗಳಿಗೆ ಇಟ್ಟಂಗಿ ಇಡಿಸಿದ ಮೇಸ್ತ್ರಿ. ಸುಂದ್ರವ್ವನಿಗೆ ಹೊಡೆದ ಲಕ್ವಾವೇ ಅವರಿಗೂ ಹೊಡೆದಿತ್ತು. ನುಂಗಲು ತೊಂದರೆಯಿಲ್ಲ ಎಂದು ನೋಡಿದ ರೂಪಾಲಿ, ತಾಟು ಅವರ ಮುಂದಿಡಿ, ಯಾರೂ ಉಣಿಸಬೇಡಿ ಎಂದಳು. ಹೆಂಡತಿ ನಾಗವ್ವ ಹೌಹಾರಿದಳು. ಅವಳ ಕಣ್ಣಿಗೆ ಅದು ಔಷಧವಲ್ಲ, ಗಂಡನನ್ನು ಉಪವಾಸ ಕೆಡವುವುದು. ರೂಪಾಲಿ ಅತ್ತ ಹೋದದ್ದೇ ತಡ, ಪರದೆ ಎಳೆದು ತುತ್ತು ತಿನ್ನಿಸುವಳು. ಕೇಳಿದರೆ ಜಗಳ. ಕಡೆಗೆ ಮನೀಶನ ಬಾಗಿಲಿಗೇ ಹೋಗಿ, ಈ ಹುಡುಗಿಯನ್ನು ಬದಲಿಸದಿದ್ದರೆ ನಾವು ಬೇರೆ ಆಸ್ಪತ್ರೆಗೆ ಹೊರಟೆವು ಎಂದಳು. ಮನೀಶ ರೂಪಾಲಿಯನ್ನು ಕರೆದು, ಅವರು ಸಿಟ್ಟಿನಿಂದ ಎದ್ದು ಹೋದರೆ ನೀವು ಬರುವ ವಾರದಿಂದಲೇ ಅಪಘಾತದ ಕಡೆಗೆ ಎಂದುಬಿಟ್ಟ.

ಮರುದಿನವೇ ರೂಪಾಲಿ ಆಂಟಾಪ್ ಹಿಲ್ಲಿಗೆ ಬಂದಳು. ಕೂಡಲೂ ಇಲ್ಲ.

"ಅವ್ವ, ನೀವು ಬಂದು ನಾಗವ್ವನವರಿಗೆ ಒಂದು ಮಾತು ಹೇಳಿ. ನನ್ನ ಕನ್ನಡ ಕೇಳಿದ್ರೇನೇ ಅವರಿಗೆ ಗುಸ್ಸಾ ಬರ್ತದೆ."

ಸುಂದ್ರವ್ವ ಸೀರೆ ಬದಲಿಸಿದಳು. ರೋಗಿಯನ್ನು ನೋಡಲು ಬರಿಗೈಲಿ ಹೋಗುವುದುಂಟೇ? ಹಾಲಿನಲ್ಲಿ ನೆನೆಸಿದ ರೊಟ್ಟಿ ಡಬ್ಬಿಗೆ ತುಂಬಿಕೊಂಡಳು. ವಡಾಳಾದಿಂದ ಗೋರೆಗಾಂವ್ ಲೋಕಲ್ ಹಿಡಿದು, ದಾರಿಯುದ್ದಕ್ಕೂ ಏನು ಹೇಳಬೇಕೆಂದು ತುಟಿ ಅಲ್ಲಾಡಿಸುತ್ತ ಕೂತಳು.

ವಾರ್ಡಿನಲ್ಲಿ ನಾಗವ್ವ ಊರು ಕೇಳಿದಳು, ಮನೆತನ ಕೇಳಿದಳು, ಸ್ಟೂಲು ಕೊಟ್ಟಳು. ಮಾತು ಬೆಳೆಯಿತು, ಬಂದ ಕಾರಣವೂ ಹೊರಬಿತ್ತು. ಸುಂದ್ರವ್ವ ಡಬ್ಬಿ ತೆರೆದಳು. ಹಾಸಿಗೆ ಹಿಡಿದವರನ್ನು ನೋಡಲು ಹೋದವರು ತಮ್ಮ ಕೈಯಾರೆ ಒಂದು ತುತ್ತು ತಿನ್ನಿಸಿ ಬರುವುದು ಅವರ ಕಡೆಯ ರೂಢಿ. ಆಯುಷ್ಯವೆಲ್ಲ ಮಾಡಿದ ರೂಢಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಅವಳ ಕೈ ತಾನಾಗಿ ರೊಟ್ಟಿಯ ತುಣುಕು ಮುರಿಯಿತು, ಬೆರಳಲ್ಲಿ ಹದ ಮಾಡಿತು, ನೆಟ್ಟಗೆ ಸಿದ್ದಲಿಂಗಪ್ಪನ ಬಾಯಿಯ ಹತ್ತಿರ ಹೋಯಿತು. ಕಾಲುದೆಸೆಯಲ್ಲಿ ನಿಂತಿದ್ದ ರೂಪಾಲಿ ಕಣ್ಣು ಮುಚ್ಚಿಕೊಂಡಳು.

"ನೋಡ್ರಿ, ನೋಡ್ರಿ!" ನಾಗವ್ವ ಚಪ್ಪಾಳೆ ಹೊಡೆದಳು. "ನನಗ ಬುದ್ಧಿ ಹೇಳಾಕ ಕರಸ್ಯಾರ, ಈಕಿ ನನಕಿಂತ ಮೊದಲ ಉಣಸಾಕ ಹತ್ಯಾಳ!"

ಸುಂದ್ರವ್ವನ ಕೈ ಅಲ್ಲೇ ನಿಂತಿತು. ವಾರ್ಡಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು, ನಾಗವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗದವರು ಸಿದ್ದಲಿಂಗಪ್ಪ ಒಬ್ಬರೇ. ಮುಖ ಆಚೆ ತಿರುಗಿಸಿ ತೊದಲಿದರು.

"ಬಂದಬಂದವ್ರೆಲ್ಲಾ ತಿನಸೂದೇನ. ನಾ ಏನ... ಕೂಸೇನ?"

ಲಕ್ವಾ ಹೊಡೆದ ಮೇಲೆ ಅವರು ಆಡಿದ ಅಷ್ಟು ಉದ್ದನೆಯ ಮಾತು ಅದೇ ಮೊದಲು. ಹಾಸಿಗೆಯ ಮೇಲೆ ಸತ್ತ ಹಾಗೆ ಬಿದ್ದಿದ್ದ ಕೈ ಹೊರಳಿತು. ಸುಂದ್ರವ್ವನ ಬೆರಳಿನಿಂದ ರೊಟ್ಟಿ ಕಿತ್ತುಕೊಂಡಿತು, ಬೀಳಿಸಿತು, ಚಾದರದ ಮೇಲೆ ತಡಕಾಡಿ ಮತ್ತೆ ಹಿಡಿಯಿತು. ನಾಗವ್ವ ಎತ್ತಿಕೊಡಲು ಬಾಗಿದಳು. ಗಂಡ ಅವಳನ್ನು ನೋಡಿದ ರೀತಿಗೆ ಹಿಂದೆ ಸರಿದಳು. ರೂಪಾಲಿ ಮೆಲ್ಲಗೆ ಬಂದು ಆ ಮೊಣಕೈಯ ಕೆಳಗೆ ಅಂಗೈ ಆನಿಸಿದಳು. ಗದ್ದಲ ಕೇಳಿ ಬಂದ ಮನೀಶ ಬಾಗಿಲಲ್ಲೇ ನಿಂತಿದ್ದ. ರೊಟ್ಟಿಯ ತುಣುಕು ಬಾಯಿ ಸೇರುವ ತನಕ ಅವನೂ ಅಲ್ಲಾಡಲಿಲ್ಲ.

ಸಂಜೆ ನಾಗವ್ವ ಮತ್ತೆ ಅವನ ಬಾಗಿಲಿಗೆ ಹೋದಳು, ಈ ಹುಡುಗಿ ಇದ್ದರೆ ಮಾತ್ರ ನಾವು ಇರುತ್ತೇವೆ ಎಂದು ಹೇಳಲು. ದಸರೆಗೆ ಕಾಯದೆ ರೂಪಾಲಿಗೆ ಒಂದು ಕೋಣೆ ಸಿಕ್ಕಿತು. ಈಗ ಅಲ್ಲಿ ಅವಳ ಕೈಕೆಳಗೆ ನಾಲ್ಕು ಜನ ಇದ್ದಾರಂತೆ. ಗೋರೆಗಾಂವ್‌ನಲ್ಲೇ ಮನೆ ಮಾಡಿದಳು. ಮೊದಮೊದಲು ಹಬ್ಬಕ್ಕೆ ಫೋನು ಬರುತ್ತಿತ್ತು, ಆಮೇಲೆ ಸೊಸೆ ನಾಗರತ್ನಾಳ ಮೊಬೈಲಿಗೆ ದೀಪದ ಚಿತ್ರ ಬರತೊಡಗಿತು. ಸುಂದ್ರವ್ವನಿಗೆ ಬೇಸರವಿಲ್ಲ. ಕೆಲಸ ಸಿಕ್ಕವರಿಗೆ ಮಧ್ಯಾಹ್ನ ಖಾಲಿ ಇರುವುದಿಲ್ಲ. ಆದರೂ ರೊಟ್ಟಿಯ ಅಂಚು ಸೀಳಿದ ದಿನ ಅದನ್ನು ತನ್ನ ತಾಟಿಗೆ ಹಾಕಿಕೊಳ್ಳಲು ಮನಸ್ಸಾಗದೆ ಬುಟ್ಟಿಯಲ್ಲೇ ಬಿಡುತ್ತಾಳೆ.

ಇಬ್ಬರೂ ಎದುರೆದುರು ನಿಂತು ಮಾತಾಡಿದ್ದು ಸಿದ್ದಲಿಂಗಪ್ಪ ರೊಟ್ಟಿ ಕಿತ್ತುಕೊಂಡ ದಿನದ ಆ ಸಂಜೆಯೇ ಕೊನೆ. ಗೋರೆಗಾಂವ್ ಸ್ಟೇಷನ್ನಿನಲ್ಲಿ ವಡಾಳಾ ಕಡೆಯ ಗಾಡಿ ಬಂದು ನಿಂತಿತ್ತು. ಹೆಂಗಸರ ಡಬ್ಬಿಯಲ್ಲಿ ಸುಂದ್ರವ್ವನಿಗೆ ಕಿಡಕಿ ಸಿಕ್ಕಿತು. ರೂಪಾಲಿ ಪ್ಲ್ಯಾಟ್‌ಫಾರ್ಮಿನ ಮೇಲೆ ನಿಂತು ಕಿಡಕಿಯ ಸರಳು ಹಿಡಿದಿದ್ದಳು. ಕೆಲಸ ಸಿಕ್ಕಿದವಳ ಮುಖದಲ್ಲಿ ಇರಬೇಕಾದ ನಗೆ ಇತ್ತು, ಮತ್ತೆ ಇರಲಿಲ್ಲ. ಗಾಡಿ ಅಲುಗಿತು. ಒಂದೆರಡು ಹೆಜ್ಜೆ ಜೊತೆಗೇ ನಡೆಯುತ್ತ ಕೇಳಿದಳು:

"ಅವ್ವ, ಆಸ್ಪತ್ರೆ ಬಿಟ್ಟು ಮನೆಗೆ ಹೋದ ಮೇಲೆ ನಾಗವ್ವ ಗಂಡನಿಗೆ ಮತ್ತೆ ತುತ್ತು ತಿನ್ನಿಸ್ತಾರೇನು?"