ಚಿಗವ್ವನ ತೆಂಗಿನ ಚಿಪ್ಪುಗಳು

ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಬೀಜ ಮೊಳೆಯುವಾಗ ಒಂದು ಬಗೆಯ ಹುಳಿ ವಾಸನೆ ಬರುತ್ತದೆ. ಅದು ಎಲ್ಲಿ ಮೂಗಿಗೆ ತಾಕಿದರೂ ನಾನು ಕುರುಗೋಡಿನ ನಮ್ಮ ಅಡುಗೆಮನೆಯಲ್ಲಿ ನಿಂತಿರುತ್ತೇನೆ. ಈಗ ಆ ಮನೆಯೂ ಇಲ್ಲ, ಒಲೆಯೂ ಇಲ್ಲ. ನಿಮ್ಮ ನೆನಪಲ್ಲೂ ಅಂಥದೊಂದು ಒಲೆ ಇದ್ದೀತು. ಎಪ್ಪತ್ತರ ದಶಕದ ಆರಂಭ, ನನಗೆ ಎಂಟು ವರ್ಷ. ಹಿತ್ತಲಿಗೆ ನೇರ ಬೀಜ ಹಾಕಿದರೆ ಕೋಳಿಗಳು ಕೆದರುತ್ತಿದ್ದವು, ಉಳಿದದ್ದನ್ನು ಬಿಸಿಲು ಸುಡುತ್ತಿತ್ತು. ಅದಕ್ಕೇ ಹೀರೆ, ಸೋರೆ ಬೀಜಗಳನ್ನು ಮೊದಲು ಮನೆಯೊಳಗೇ ಮೊಳೆಸುತ್ತಿದ್ದರು. ಅಜ್ಜಿ ಅವನ್ನು ನೆನೆಸಿ, ಹಳೆ ಸೀರೆಯ ತುಂಡಿನಲ್ಲಿ ಕಟ್ಟಿ, ಒಲೆಯ ಪಕ್ಕ ಇಡುತ್ತಿದ್ದಳು. ಮೂರನೆಯ ದಿನಕ್ಕೇ ಮೊಳಕೆ. ಆದರೆ ಬಿಡಿಸಿ ನೆಡುವಾಗ ಎಳೆ ಬೇರು ಮುರಿದು ಅರ್ಧಕ್ಕರ್ಧ ಸಾಯುತ್ತಿದ್ದವು. ತೆಕ್ಕಲಕೋಟೆಯಿಂದ ಮದುವೆಯಾಗಿ ಬಂದಿದ್ದ ಚಿಗವ್ವ, ನನ್ನ ಚಿಕ್ಕಪ್ಪನ ಹೆಂಡತಿ, ತೂತು ಮಾಡಿದ ತೆಂಗಿನ ಚಿಪ್ಪಿನಲ್ಲಿ ಗೊಬ್ಬರ, ಮರಳು, ಚೂರು ಬೂದಿ ತುಂಬಿ, ಒಂದೊಂದೇ ಬೀಜ ಊರಿ, ಕಿಟಕಿಯ ಕೆಳಗೆ ಸಾಲಾಗಿ ಇಡುತ್ತಿದ್ದಳು. ವಾರ ಹಿಡಿಯುತ್ತಿತ್ತು. ಆದರೆ ಚಿಪ್ಪು ಒಡೆದು ಮಣ್ಣಿನ ಸಮೇತ ನೆಟ್ಟರೆ ಒಂದೂ ಸಾಯುತ್ತಿರಲಿಲ್ಲ. ಓಣಿಯ ಹೆಂಗಸರು ಸಸಿ ಕೇಳಿಕೊಂಡು ಚಿಗವ್ವನ ಬಳಿಗೇ ಬರತೊಡಗಿದರು. ಅಜ್ಜಿಗೆ ಅದನ್ನು ಸಹಿಸಲಾಗಲಿಲ್ಲ.

ಚಿಗವ್ವನಿಗೆ ಮದುವೆಯಾಗಿ ಆರು ವರ್ಷ, ಮಕ್ಕಳಿರಲಿಲ್ಲ. ಒಂದು ಬೆಳಿಗ್ಗೆ ಅಜ್ಜಿ ಎಲ್ಲರೆದುರು ಹೀರೆ ಬೀಜವನ್ನು ಎರಡು ಪಾಲು ಮಾಡಿ, "ನಿಂದು ನೀ ಹಾಕು, ನಂದು ನಾ ಹಾಕ್ತೀನಿ. ಯಾರ ಕೈಯಾಗ ಜೀವ ಐತಿ ನೋಡೇ ಬಿಡೋಣ" ಎಂದಳು. "ಆಗ್ಲಿರಿ ಅತ್ತಿ" ಎಂದು ಚಿಗವ್ವ ನಕ್ಕಳು. ತನ್ನ ಚಿಪ್ಪುಗಳ ಮೇಲೆ ಅವಳಿಗೆ ಅಷ್ಟು ನಂಬಿಕೆ. ಮರುದಿನ ಅವಳು ನೀರಿಗೆ ಹೋದಾಗ ಅಜ್ಜಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. "ಬಳ್ಳಾರಿಗೆ ಕರ್ಕೊಂಡು ಹೋಗ್ತೀನಿ, ಬ್ರೂಸ್‌ಪೇಟ್ಯಾಗ ಹಸಿರು ಬಳಿ ಇಡಸ್ತೀನಿ. ಆ ಚಿಪ್ಪಿಗೆ ಈ ನೀರು ಹಾಕಿ ಬಾರವ್ವ." ತಂಬಿಗೆಯಿಂದ ಹಬೆ ಏಳುತ್ತಿತ್ತು. ಕುದಿವ ನೀರು ಬೀಜವನ್ನು ಏನು ಮಾಡುತ್ತದೆಂದು ತಿಳಿಯದಷ್ಟು ಚಿಕ್ಕವಳಲ್ಲ ನಾನು. ಒಂದನ್ನೂ ಬಿಡದೆ ಹಾಕಿದೆ.

ಎಂಟು ದಿನ ಚಿಗವ್ವ ಬೆರಳದ್ದಿ ನೀರು ಚಿಮುಕಿಸಿದಳು. ಒಂಬತ್ತನೆಯ ದಿನ ಅಜ್ಜಿ ಆ ಚಿಪ್ಪುಗಳನ್ನೆಲ್ಲ ಪಡಸಾಲೆಗೆ ತಂದು ಚಿಕ್ಕಪ್ಪನ ಮುಂದೆ ಬೋರಲು ಹಾಕಿದಳು. "ಮಣ್ಣಾಗೂ ಹುಟ್ಟಂಗಿಲ್ಲ, ಹೊಟ್ಯಾಗೂ ಹುಟ್ಟಂಗಿಲ್ಲ. ಇನ್ನ ಏನು ನೋಡ್ತಿ?" ಚಿಕ್ಕಪ್ಪ ತಲೆ ಎತ್ತಲಿಲ್ಲ. ಚಿಗವ್ವ ಒಂದು ಬೀಜ ಎತ್ತಿ ಉಗುರಿನಿಂದ ಸೀಳಿದಳು. "ಬೆಂದಂಗ ಐತಲ್ರಿ ಇದು" ಎಂದಳು ಮೆಲ್ಲಗೆ. ಅವಳ ಕಣ್ಣು ಎಲ್ಲರ ಮುಖ ಹಾದು ಬಂದು ನನ್ನ ಮೇಲೆ ನಿಂತಿತು. ನಾನು ಅಜ್ಜಿಯ ಸೆರಗು ಹಿಡಿದೆ. ಚಿಗವ್ವ ಬಗ್ಗಿ, ಚೆಲ್ಲಿದ ಮಣ್ಣನ್ನು ಬಳಿಯತೊಡಗಿದಳು.

ಆ ವಾರವೇ ಅವಳನ್ನು ತವರಿಗೆ ಬಿಟ್ಟು ಬಂದರು. ಬೇಸಿಗೆಯೊಳಗೆ ಚಿಕ್ಕಪ್ಪನಿಗೆ ಸಿರುಗುಪ್ಪದಿಂದ ಇನ್ನೊಂದು ಹೆಣ್ಣು ತಂದರು. ಆ ಮದುವೆಯಲ್ಲಿ ನಾನು ಹಸಿರು ಬಳೆ ತೊಟ್ಟು ಓಡಾಡಿದೆ. ಆಕೆಗೂ ಮಕ್ಕಳಾಗಲಿಲ್ಲ.

ನನ್ನ ಮದುವೆಯಾಗಿ ಎಷ್ಟೋ ವರ್ಷಕ್ಕೆ, ಎಲ್ಲ ಹೇಳಿಬಿಡಬೇಕೆಂದು ತೆಕ್ಕಲಕೋಟೆಗೆ ಹೋದೆ. ಹಿತ್ತಲಲ್ಲಿ ಅವಳ ಅತ್ತಿಗೆ ಮೆಣಸಿನ ಬೀಜ ಚೆಲ್ಲುತ್ತಿದ್ದಳು. ಚಿಗವ್ವ ಬಾಗಿಲು ಮುಂದೆ ಮಾಡಿಕೊಂಡು ಒಳಕೋಣೆಯಲ್ಲಿ ಕೂತಿದ್ದಳು. "ಬೀಜ ಹಾಕೋ ದಿನ ನಾ ಹೊರಗ ಬರಂಗಿಲ್ಲವ್ವ" ಎಂದಳು, ದಿನದ ಮಾತಿನಂತೆ. "ಕುಂದ್ರು. ಮಕ್ಕಳೆಷ್ಟು ನಿನಗ?" ಇಬ್ಬರು ಎಂದೆ. "ಚಲೋ ಆತು" ಎಂದು ಚಾ ತರಿಸಿದಳು. ಚಾ ಕುಡಿದು, ಹೇಳಬೇಕಾದ್ದನ್ನು ಹೇಳದೆ ಬಸ್ಸು ಹತ್ತಿದೆ. ಮಾರನೆಯ ವರ್ಷ ಅವಳು ತೀರಿಕೊಂಡ ಸುದ್ದಿ ಬಂತು. ಕೊನೆಯವರೆಗೂ ಅವಳ ಕೈಗೆ ಒಂದು ಬೀಜ ಕೊಟ್ಟವರಿರಲಿಲ್ಲವಂತೆ.