ಜೀಪಿಗೆ ಹೇರಿದ ಅಂಜಿಕೆ

ಬಸ್ಸು ಹತ್ತಿದ ಕೂಡಲೇ ಸೀಟು ಹುಡುಕುವವರು ಕೆಲವರು, ಇಳಿಯುವ ಬಾಗಿಲು ಎಲ್ಲಿದೆ ಎಂದು ಹುಡುಕುವವರು ಕೆಲವರು. ನಾನು ಎರಡನೆಯ ಗುಂಪಿನವನು. ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದು, ಮತ್ತೆ ಬಂದು ಜಗ್ಗಿ ನೋಡುತ್ತೇನೆ. ಜಗ್ಗಿದ್ದರಿಂದಲೇ ಅದು ಸಡಿಲಾಯಿತೇನೋ ಎಂದು ಇನ್ನೊಮ್ಮೆ ಬರುತ್ತೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ ನಾನು. ಗಂಧಕಾಮ್ಲದ ಬಾಟಲಿಯನ್ನು ಮಕ್ಕಳಿಗೆ ದೂರದಿಂದ ತೋರಿಸಿ, ಇದು ಬಹಳ ಅಪಾಯದ್ದು ಎಂದು ಹೇಳಿ ಕಪಾಟಿನಲ್ಲಿಟ್ಟು ಬೀಗ ಹಾಕಿಬಿಡುತ್ತಿದ್ದೆ. ನನ್ನ ಕೈಯಲ್ಲಿ ಕಲಿತವರಿಗೆ ರಸಾಯನಶಾಸ್ತ್ರವೆಂದರೆ ಒಂದು ಮುಚ್ಚಿದ ಕಪಾಟು. ಇಂಥವನು ಜೀಪು ಕೊಂಡ, ಅದೂ ರಸ್ತೆಯೇ ಇಲ್ಲದ ಕಡೆ ಓಡಿಸಲಿಕ್ಕೆ ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಓಣಿಯವರೂ ನಂಬಲಿಲ್ಲ. ಮಾಸ್ತರರು ಅದನ್ನು ಶಾಲೆಯಲ್ಲಿ ಬಿಚ್ಚಿ ತೋರಿಸಲು ತಂದಿದ್ದಾರೆ ಎಂದೇ ಕೆಲವರು ತಿಳಿದಿದ್ದರು.

ಕಾರಣ ನನ್ನ ಹೆಂಡತಿ ಮಹಾದೇವಿ. ಅವಳು ಚಿಂಚೋಳಿಯ ದವಾಖಾನೆಯಲ್ಲಿ ನರ್ಸು. ಊರಿನವರಿಗೆ ನರ್ಸಬಾಯಿ, ಲಂಬಾಣಿ ತಾಂಡಾದವರಿಗೆ ಬರೇ ಬಾಯಿ. ಚಂದ್ರಂಪಳ್ಳಿಯ ಕಡೆ, ಅಡವಿಯ ಅಂಚಿನ ಹತ್ತಾರು ಹಳ್ಳಿ, ತಾಂಡಾಗಳ ಹೆರಿಗೆಗಳೆಲ್ಲ ಅವಳ ಪಾಲಿಗೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ. ಮಳೆ ಬಿದ್ದಿತೆಂದರೆ ನಮ್ಮ ಕಪ್ಪು ಎರೆಮಣ್ಣು ಊರಿಗೂ ಊರಿಗೂ ನಡುವೆ ಬಾಗಿಲು ಹಾಕಿಬಿಡುತ್ತದೆ. ಕಾಲಿಟ್ಟರೆ ಚಪ್ಪಲಿ ಒಳಗೇ ಉಳಿಯುತ್ತದೆ, ಬರೇ ಕಾಲು ಮೇಲೆ ಬರುತ್ತದೆ. ಗಾಲಿ ಇಟ್ಟರೆ ಮಣ್ಣು ಸುತ್ತಿಕೊಂಡು ಸುತ್ತಿಕೊಂಡು ಗಾಲಿಯೇ ತಿರುಗದಂತೆ ಹಿಡಿಯುತ್ತದೆ. ಒಂದು ಶ್ರಾವಣದಲ್ಲಿ ಅವಳು ಎತ್ತಿನ ಗಾಡಿಯಲ್ಲಿ ಹೊರಟು, ಗಾಡಿ ಹೂತು, ಉಳಿದದ್ದನ್ನು ನಡೆದು ತಾಂಡಾ ಮುಟ್ಟುವ ಹೊತ್ತಿಗೆ ತಾಯಿಯನ್ನು ಉಳಿಸುವುದಷ್ಟೇ ಸಾಧ್ಯವಾಯಿತು. ಕೂಸು ಉಳಿಯಲಿಲ್ಲ. ಮರುದಿನ ಮನೆಗೆ ಬಂದವಳು ಬಚ್ಚಲಲ್ಲಿ ಕೂತು ಕಾಲಿನ ಕೆಸರು ತೊಳೆದಳು. ಕೆಸರು ಹೋದ ಮೇಲೂ ತೊಳೆಯುತ್ತಲೇ ಇದ್ದಳು. ಹೊರಗೆ ಬಂದು ಒಂದೇ ಮಾತು ಅಂದಳು: "ಮುಂದಿನ ಮಳೀಗಿ ನಾ ಹೊತ್ತಿಗಿ ಮುಟ್ಟಬೇಕ್ರಿ. ಹ್ಯಾಂಗರ ಮಾಡ್ರಿ."

ಹೀಗೆ ಜೀಪು ಬಂತು. ರಾಜ್ಯಕ್ಕೆ ಕರ್ನಾಟಕವೆಂಬ ಹೊಸ ಹೆಸರು ಬಂದು ಎರಡು ಮೂರು ವರ್ಷವಾಗಿತ್ತು. ಹೆಸರು ಬದಲಾದಷ್ಟು ಬೇಗ ರಸ್ತೆಗಳು ಬದಲಾಗಿರಲಿಲ್ಲ. ನನ್ನ ಹುಟ್ಟೂರು ಶಹಾಬಾದಿನಲ್ಲಿ ಕಲ್ಲಿನ ಖಣಿಯವರೊಬ್ಬರ ಹತ್ತಿರ ಮಿಲಿಟರಿ ಹರಾಜಿನ ಹಳೇ ಜೀಪೊಂದು ಕೂತಿತ್ತು. ನಾಲ್ಕೂ ಗಾಲಿ ಎಳೆಯುವ ಜೀಪು ಎಂದು ಹೇಳಿಯೇ ಕೊಟ್ಟರು. ವಾಡಿಯ ಇಸ್ಮಾಯಿಲ್ ಮಿಸ್ತ್ರಿ ಕೆಳಗೆ ಹೊಕ್ಕು ನೋಡಿ, ಅಲ್ಲಿಂದಲೇ ನಗತೊಡಗಿದರು. "ಮಾಸ್ತರ ಸಾಬ, ಮುಂದಿನ ಗಾಲಿಗಿ ಜೋರ ಒಯ್ಯೋ ಶಾಫ್ಟೇ ಇಲ್ರಿ. ಯಾರೋ ಬಿಚ್ಚಿ ಇಟ್ಕೊಂಡಾರ. ಇದು ನಾಕು ಕಾಲಿನ ಕುದುರಿ ಖರೆ, ಆದ್ರ ಎರಡೇ ಕಾಲಿಂದ ನಡೀತದ." ಅವರು ಹೈದರಾಬಾದಿನ ಗುಜರಿಯಲ್ಲಿ ಹುಡುಕಿ ಒಂದು ಶಾಫ್ಟು ತಂದು ಕೂಡಿಸಿದರು. ಗೇರಿನ ಪಕ್ಕದ ಸಣ್ಣ ಗೇರು ಎಳೆದರೆ ಮುಂದಿನ ಗಾಲಿಗಳೂ ಮಣ್ಣು ಕೆದರಿದವು. ಮಿಸ್ತ್ರಿ ಕೈ ಒರೆಸಿಕೊಂಡು, "ಆಯ್ತು, ಒಯ್ರಿ" ಅಂದರು.

ಅಲ್ಲಿಗೆ ಮುಗಿಯಬೇಕಿತ್ತು. ಒಳ್ಳೆಯ ಟೈರು, ಗಟ್ಟಿ ಬ್ರೇಕು, ಎಂಜಿನು, ನಾಲ್ಕು ಗಾಲಿ. ಬೇರೆ ಯಾರಾದರೂ ಆಗಿದ್ದರೆ ಅಂದೇ ಒಯ್ಯುತ್ತಿದ್ದರು.

ನಾನು ಮನೆಗೆ ಬಂದು ಯೋಚಿಸಿದೆ. ಯೋಚನೆ ಎನ್ನುವುದು ಮರ್ಯಾದೆಯ ಮಾತು. ಅಂಜಿದೆ. ಹಳ್ಳ ದಾಟುವಾಗ ಸೈಲೆನ್ಸರಿನಲ್ಲಿ ನೀರು ಹೊಕ್ಕರೆ? ಪೈಪನ್ನು ಎತ್ತಿ ಮಾಡಿನ ಮಟ್ಟಕ್ಕೆ ತರಿಸಿದೆ. ಅಡವಿಯಲ್ಲಿ ಮರದ ಟೊಂಗೆ ಮೇಲೆ ಬಿದ್ದರೆ? ತಾಡಪತ್ರಿಯ ಹುಡ್ಡು ತೆಗೆಸಿ ದಪ್ಪ ಕಬ್ಬಿಣದ ಪತ್ರಾದ ಮಾಡು ಹಾಕಿಸಿದೆ. ಎದುರಿಗೆ ಎಮ್ಮೆ ಬಂದರೆ? ಮುಂದೆ ಕಬ್ಬಿಣದ ಜಾಳಿಗೆ. ಹಿಂದಿನಿಂದ ಎಮ್ಮೆ ಬಂದರೆ? ಹಿಂದೆಯೂ ಜಾಳಿಗೆ. ಒಂದು ಸ್ಟೆಪ್ನಿ ಪಂಕ್ಚರಾದರೆ ಇನ್ನೊಂದು ಸ್ಟೆಪ್ನಿ. ಹಾರೆ, ಸಲಿಕೆ, ಸರಪಳಿ, ಎರಡು ಹಲಗೆ, ನೀರಿನ ಡಬ್ಬಿ. ಇಷ್ಟು ಭಾರಕ್ಕೆ ಸ್ಪ್ರಿಂಗು ತಾಳುವುದೇ ಎಂದು ಇನ್ನೆರಡು ಪಟ್ಟಿ, ಆ ಪಟ್ಟಿಗಳ ಭಾರವೂ ಸೇರಿತು. ಮಹಾದೇವಿ "ತಯಾರಾತೇನ್ರಿ?" ಎಂದು ಕೇಳಿದಾಗಲೆಲ್ಲ "ಇನ್ನೊಂದೇ ಒಂದು ಬಾಕಿ" ಅನ್ನುತ್ತಿದ್ದೆ. ಸುಳ್ಳಲ್ಲ. ಪ್ರತಿ ಸಲವೂ ಒಂದೇ ಒಂದು ಬಾಕಿ ಇರುತ್ತಿತ್ತು. ಕಡೆಗೆ ಇಸ್ಮಾಯಿಲ್ ಮಿಸ್ತ್ರಿಯೇ ಒಂದು ದಿನ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟು ಹೇಳಿದರು: "ಸಾಬ, ಈ ಗಾಡಿ ಲಡಾಯಿಗಿ ಹೋಗಿ ಬಂದದ. ಇದಕ್ಕೇನೂ ಅಂಜಿಕಿ ಇಲ್ಲ. ಫಿಟ್ಟಿಂಗ್ ಏನರ ಬೇಕಂದ್ರ ನಿಮಗೇ ಬೇಕು ನೋಡ್ರಿ."

ಚಿಂಚೋಳಿಯಿಂದ ಸೇಡಂ, ಚಿತ್ತಾಪುರದ ಮೇಲೆ ವಾಡಿಗೆ ನಾನೇ ಜೀಪು ಹೊಡೆದುಕೊಂಡು ಹೋಗಿ ಬರುವಾಗ ಮಳಖೇಡದಲ್ಲಿ ನಿಲ್ಲಿಸಿ ರೇಡಿಯೇಟರಿಗೆ ನೀರು ಹಾಕುವುದು ನನ್ನ ನೇಮ. ಬೇಕಿರಲಿ ಬಿಡಲಿ, ಹಾಕುತ್ತಿದ್ದೆ. ಎದುರಿಗೆ ಕಾಗಿಣಾ ಹೊಳೆ, ದಂಡೆಯ ಮೇಲೆ ಹಾಳು ಕೋಟೆ. ಇಲ್ಲಿಂದ ಹೊರಟ ರಾಷ್ಟ್ರಕೂಟರ ಆನೆ ಕುದುರೆಗಳು ಗಂಗೆಯವರೆಗೂ ಹೋಗಿ ಬಂದವೆಂದು ನಮ್ಮ ಶಾಲೆಯ ಇತಿಹಾಸದ ಮಾಸ್ತರರು ಎದೆಯುಬ್ಬಿಸಿ ಹೇಳುತ್ತಾರೆ. ನನಗೆ ಗಂಗೆಯ ಸಂಗತಿ ಮುಖ್ಯವಾಗಿ ಕಾಣಲಿಲ್ಲ. ಶ್ರಾವಣದಲ್ಲಿ ಈ ಎರೆಹೊಲವನ್ನು ಆನೆ ಹೇಗೆ ದಾಟಿತು ಎನ್ನುವುದೇ ನನ್ನ ಪ್ರಶ್ನೆ. ಮಾಸ್ತರರು ತಲೆ ಕೆರೆದುಕೊಂಡು, ಮಳೆಗಾಲದಲ್ಲಿ ದಂಡಯಾತ್ರೆ ಇರುತ್ತಿರಲಿಲ್ಲ, ಎಲ್ಲ ದಸರೆಯ ಮೇಲೆಯೇ ಅಂದರು. ಚಕ್ರವರ್ತಿಗಳೇ ನಾಲ್ಕು ತಿಂಗಳು ಮನೆ ಬಿಟ್ಟು ಏಳುತ್ತಿರಲಿಲ್ಲ ಎಂದು ತಿಳಿದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅದನ್ನು ಮಹಾದೇವಿಗೂ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಲಡಾಯಿ ಮುಂದ ದೂಡಬಹುದ್ರಿ. ದಸರಾತನಕ ತಡಿಯವ್ವಾ ಅಂತ ಬಸುರಿಗಿ ಯಾರು ಹೇಳ್ಬೇಕು?"

ಇಷ್ಟಾದ ಮೇಲೂ ನಾನು ನನ್ನ ಜೀವನದ ದೊಡ್ಡ ತಪ್ಪೊಂದನ್ನು ಮಾಡಿದೆ. ಅದನ್ನು ಶಹಾಬಾದಿನವರಲ್ಲದೆ ಬೇರೆ ಯಾರೂ ಮಾಡಲಾರರು. ನಮ್ಮೂರಲ್ಲಿ ಎಲ್ಲದಕ್ಕೂ ಫರಸಿ, ಅಂದರೆ ಖಣಿಯ ಚಪ್ಪಡಿ ಕಲ್ಲು. ನೆಲಕ್ಕೆ ಫರಸಿ, ಮಾಡಿಗೆ ಫರಸಿ, ಹೊಲದ ಬೇಲಿಗೆ ನಿಲ್ಲಿಸಿದ ಫರಸಿ, ಖಾರದ ಹಿಂಡಿ ಅರೆಯಲಿಕ್ಕೆ ಫರಸಿ, ಬಟ್ಟೆ ಒಗೆಯಲಿಕ್ಕೆ ಫರಸಿ, ನಾಲ್ಕು ಜನ ಕೂತು ಊರ ಸುದ್ದಿ ಮಾತಾಡಲಿಕ್ಕೆ ಅಗಲವಾದ ಫರಸಿ. ಏನಾದರೂ ಅಲುಗಾಡುತ್ತಿದ್ದರೆ ಅದರ ಮೇಲೊಂದು ಫರಸಿ ಇಡುವುದು ನಮಗೆ ತಾಯಿಯ ಹಾಲಿನೊಂದಿಗೆ ಬಂದ ವಿದ್ಯೆ. ಜೀಪು ಹಸಿ ನೆಲದಲ್ಲಿ ಹಿಂದುಗಡೆ ಜಾರುವುದನ್ನು ಕಂಡೆ. ಹಿಂಭಾಗ ಹಗುರಾಗಿದೆ, ಭಾರ ಬೇಕು ಎಂದುಕೊಂಡೆ. ಎರಡಂಗುಲ ದಪ್ಪದ ನಾಲ್ಕು ಫರಸಿಗಳನ್ನು ಅಳತೆಗೆ ಕೊರೆಸಿ ಹಿಂದೆ ಹಾಸಿದೆ. ಸಾಲದೆಂದು ಪಾಲಿಶ್ ಸಹ ಮಾಡಿಸಿದ್ದೆ. ಮಿಸ್ತ್ರಿ ನೋಡಿ, "ಇದು ಗಾಡಿಯೇನ್ರಿ ಸಾಬ, ಕಟ್ಟಿಯೇನ್ರಿ?" ಅಂದರು. ಶಹಾಬಾದಿನ ನೆಲದ ಕೆಳಗೆ ಕಲ್ಲಿದೆ, ಅಲ್ಲಿ ಭಾರವಿದ್ದದ್ದು ಗಟ್ಟಿಯಾಗಿ ಕೂರುತ್ತದೆ. ಎರೆಯ ಕೆಳಗೆ ಎರೆಯೇ ಇದೆ ಎಂಬುದು, ವಿಜ್ಞಾನದ ಮಾಸ್ತರನಾಗಿದ್ದೂ, ನನ್ನ ತಲೆಗೆ ಹೊಳೆಯಲಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಒಂದೊಂದು ಫಿಟ್ಟಿಂಗ್ ಆದಾಗಲೂ ಅದನ್ನು ಪರೀಕ್ಷಿಸಬೇಕಲ್ಲ. ಗಾಲಿ ಹೇಗೆ ತಿರುಗುತ್ತದೆ, ಸ್ಪ್ರಿಂಗು ಎಷ್ಟು ಬಾಗುತ್ತದೆ ಎಂಬುದು ಹೊರಗೆ ನಿಂತವನಿಗೆ ಮಾತ್ರ ಕಾಣುತ್ತದೆ. ಆದ್ದರಿಂದ ನಾನು ಹೊರಗೆ ನಿಲ್ಲುತ್ತಿದ್ದೆ, ಮಹಾದೇವಿಯನ್ನು ಸ್ಟಿಯರಿಂಗಿಗೆ ಕೂಡಿಸುತ್ತಿದ್ದೆ. ನಾನು ಜೀಪಿನ ಮುಂದೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ "ನಿಲ್ಲಸು, ನಿಲ್ಲಸು" ಎಂದು ಕೂಗುವುದು, ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ದಿಬ್ಬ ಏರಿಸುವುದು. ನಾಲ್ಕು ತಿಂಗಳಲ್ಲಿ ಅವಳ ಕೈ ಹದವಾಯಿತು, ಲೈಸನ್ಸೂ ಸಿಕ್ಕಿತು. ನನಗೆ ಹದವಾದದ್ದು ಕೂಗುವುದೊಂದೇ.

ಮೃಗಶಿರಾ ಮುಗಿಯಿತು, ಆರಿದ್ರಾ ಹಿಡಿಯಿತು. ನಾಲ್ಕು ದಿನ ಬಿಡದೆ ಹೊಡೆದ ಮಳೆ ಐದನೆಯ ದಿನ ಬೆಳಗ್ಗೆ ನಿಂತು ಬಿಸಿಲು ಬಿದ್ದಿತ್ತು. ನಾನು ಅಂಗಳದಲ್ಲಿ ಜೀಪಿನ ಸುತ್ತ ತಿರುಗುತ್ತ, ಇನ್ನೇನು ಒಂದೇ ಒಂದು ಬಾಕಿ ಎಂದು ಹುಡುಕುತ್ತಿದ್ದೆ. ಮೊಣಕಾಲತನಕ ಕೆಸರು ಮೆತ್ತಿಕೊಂಡ ಮನುಷ್ಯನೊಬ್ಬ ಬಂದು ನಿಂತ. ತಾಂಡಾದ ಹೀರಾ. ಬೆಳಕು ಹರಿಯುವ ಮೊದಲೇ ಹೊರಟು ನಡೆದು ಬಂದಿದ್ದ. "ಬಾಯಿ ಎಲ್ಲಾರ್ರಿ? ನಮ್ಮ ತಮ್ಮನ ಹೆಣ್ತಿ ಬ್ಯಾನಿ ತಿನ್ಲಿಕತ್ತಾಳ. ಕೂಸು ಬರವಲ್ದು." ಮಹಾದೇವಿ ಒಳಗಿಂದ ಚೀಲ ಹಿಡಿದೇ ಹೊರಬಂದಳು. ತಯಾರಾಯಿತೇ ಎಂದು ಈ ಸಲ ಕೇಳಲಿಲ್ಲ. ಅವಳು ಸ್ಟಿಯರಿಂಗಿಗೆ, ನಾನು ಪಕ್ಕಕ್ಕೆ, ಹೀರಾ ಹಿಂದೆ ಪಾಲಿಶ್ ಮಾಡಿದ ಫರಸಿಯ ಮೇಲೆ.

ಡಾಂಬರು ಮುಗಿದು ಎರೆ ಸುರುವಾದ ಮೇಲೆ ಜೀಪು ಫರ್ಲಾಂಗಿನಷ್ಟು ಚೆನ್ನಾಗಿಯೇ ಹೋಯಿತು. ಆಮೇಲೆ ಒಂದು ತಗ್ಗು. ನಾನು "ನಿಲ್ಲಸು" ಎಂದು ಕೂಗಿದೆ. ರೂಢಿಯ ಪ್ರಕಾರ ಅವಳ ಕಾಲು ಬ್ರೇಕಿಗೆ ಹೋಯಿತು. ಜೀಪು ನಿಂತಿತು, ನಿಂತದ್ದು ಮೆಲ್ಲಗೆ ಇಳಿಯತೊಡಗಿತು. ನಾಲ್ಕು ಗಾಲಿಯೂ ತಿರುಗಿದವು. ತಿರುಗಿದಷ್ಟೂ ಹೂತವು. ಹಿಂದಿನ ಜಾಳಿಗೆ ಕೆಸರು ಮುಟ್ಟಿತು. ಹಾರೆ, ಸಲಿಕೆ, ಹಲಗೆ ಎಲ್ಲ ಇದ್ದವು ನಿಜ. ಎಲ್ಲವೂ ಫರಸಿಯ ಕೆಳಗೆ, ಎರಡು ಸ್ಟೆಪ್ನಿಯ ಕೆಳಗೆ, ಅಚ್ಚುಕಟ್ಟಾಗಿ ಜೋಡಿಸಲ್ಪಟ್ಟಿದ್ದವು. ಅಲ್ಲಿ ಒಬ್ಬ ಹೆಂಗಸು ಬೇನೆ ತಿನ್ನುತ್ತಿದ್ದಾಳೆ, ಇಲ್ಲಿ ನಾನು ಅವಳ ದಾರಿಯ ನಡುವೆ ಶಹಾಬಾದನ್ನು ತಂದು ನೆಟ್ಟಿದ್ದೇನೆ. ಮಹಾದೇವಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಹೀರಾ ಇಳಿದು ಒಂದು ಸುತ್ತು ಹಾಕಿ ಬಂದ. "ಹೇರು ಇಳಸ್ರಿ ಬಾಯಿ. ನಾವು ಎರಿಯಾಗ ಗಾಡಿ ಹಂಗೇ ದಾಟಸ್ತೀವಿ. ಚೀಲ ಎಲ್ಲ ತೆಲಿಮ್ಯಾಲ ಹೊತ್ತು ಆ ದಂಡಿಗಿ ಒಗದು, ಖಾಲಿ ಗಾಡಿ ಹೊಡೀತೀವಿ." ಈ ಭಾಗದ ಗಾಡಿಯವರಿಗೆಲ್ಲ ಗೊತ್ತಿರುವ ರೀತಿ ಅದು. ವಾಡಿಯವರೆಗೆ ಅಷ್ಟು ಸಲ ಓಡಾಡಿದ ನಾನು ಪಕ್ಕದ ಮನೆಯ ಗಾಡಿಯವನನ್ನು ಒಂದು ಮಾತು ಕೇಳಿರಲಿಲ್ಲ. ಇಳಿಸಿದೆವು. ಫರಸಿ, ಸ್ಟೆಪ್ನಿ, ಸರಪಳಿ, ಡಬ್ಬಿ, ನಾನು ಒಂದೊಂದಾಗಿ ಅಂಜಿದ್ದೆಲ್ಲವನ್ನೂ ಒಂದೊಂದಾಗಿ ಹೊತ್ತು ಆಚೆಯ ಗಟ್ಟಿ ದಂಡೆಗೆ ಹಾಕಿದೆವು. ನಾನು, ಹೀರಾ ಹಿಂದೆ ನಿಂತು ದೂಡಿದೆವು, ಅವಳು ಸಣ್ಣ ಗೇರು ಎಳೆದಳು. ಜೀಪು ಒಮ್ಮೆ ನರಳಿ ಮೇಲೆದ್ದು ದಂಡೆ ಹತ್ತಿತು.

ನಾನು ಓಡಿ ಹೋಗಿ ಹತ್ತಲಿಕ್ಕೆ ಕಾಲಿಟ್ಟೆ.

"ನೀವು ಇಲ್ಲೇ ಇರ್ರಿ," ಅಂದಳು.

"ನನ್ನ ತೂಕ ಅಷ್ಟೇನಿಲ್ಲ."

"ತೂಕ ಅಲ್ರಿ. ಮುಂದ ಇನ್ನಾ ಎರಡು ತಗ್ಗು ಅವ. ನೀವು ನಿಲ್ಲಸು ಅಂತೀರಿ, ನನ್ನ ಕಾಲು ಕೇಳ್ತದ. ಈ ಮಣ್ಣಾಗ ನಿಂತ್ರ ಹೋತು."

ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟಾಗಬಹುದಿತ್ತು. ಅವಳು ಕೂಸಿಗೆ ಹೇಳಿದ ಹಾಗೆ ಹೇಳಿದಳು. ಹೀರಾ ನನ್ನ ಜಾಗದಲ್ಲಿ ಕೂತ. ಜೀಪು ಹೋಯಿತು.

ಅಂದು ಹೊತ್ತು ಮಧ್ಯಾಹ್ನದಿಂದ ಇಳಿಹೊತ್ತಿಗೆ ಬರಲು ತೆಗೆದುಕೊಂಡ ಕಾಲವನ್ನು ನಾನು ಯಾವ ಗಡಿಯಾರದಲ್ಲಿಯೂ ಕಂಡಿಲ್ಲ. ಫರಸಿಯ ಮೇಲೆ ಕೂತೆ, ಎದ್ದೆ, ನಡೆದೆ. ಅಡವಿಯ ಕಡೆ ಕಿವಿಗೊಟ್ಟೆ. ಎಂಜಿನಿನ ಸದ್ದು ಕೇಳಿಸಿದರೆ ಕೆಟ್ಟಿತೇ ಎಂದು ಅಂಜಿದೆ, ಕೇಳಿಸದಿದ್ದರೆ ನಿಂತೇ ಹೋಯಿತೇ ಎಂದು ಅಂಜಿದೆ. ಎರಡನೆಯ ತಗ್ಗಿನಲ್ಲಿ ಜೀಪು ಮಗುಚಿದ್ದನ್ನು ಮನಸ್ಸಿನಲ್ಲೇ ಮೂರು ಬೇರೆ ಬೇರೆ ರೀತಿಯಲ್ಲಿ ನೋಡಿದೆ. ಕಳೆದ ವರ್ಷ ಬಚ್ಚಲಲ್ಲಿ ಕಾಲು ತೊಳೆಯುತ್ತ ಕೂತವಳು ನೆನಪಾದಾಗ, ಮತ್ತೆ ಹಾಗಾದರೆ ಅದು ನನ್ನಿಂದಲೇ ಎಂದು ಗಟ್ಟಿಯಾಗಿ ಬಾಯಿಬಿಟ್ಟು ಹೇಳಿದೆ. ಕೇಳಲಿಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಹೊತ್ತು ಮುಳುಗಲು ಇನ್ನೂ ಒಂದಾಳುದ್ದ ಇದ್ದಾಗ ಜೀಪು ಕಂಡಿತು. ನಡುವಿನತನಕ ಕೆಸರು, ಮುಂದಿನ ಜಾಳಿಗೆ ಒಂದು ಕಡೆ ಸೊಟ್ಟ. ಅವಳು ಒಬ್ಬಳೇ. ದಂಡೆಯ ಮೇಲೆ ನಿಲ್ಲಿಸಿ ಎಂಜಿನು ಬಂದ್ ಮಾಡಿದಳು. ನನಗೆ ಕೇಳಬೇಕಾದದ್ದು ಒಂದು ಲೋಡು ಇತ್ತು. ಬಾಯಿಂದ ಬಂದದ್ದು "ಬ್ರೇಕು ಹಿಡೀತಾ?" ಅಷ್ಟೇ. ನಾಚಿಕೆಯಿಂದ ಅಲ್ಲೇ ಸತ್ತೆ.

"ಹೆಣ್ಣು ಹುಟ್ಯಾದ್ರಿ," ಅಂದಳು. "ಭಾಳ ಜೋರ ಅತ್ತಳು." ಹೇಳುವಾಗ ಅವಳೂ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಸ್ಟಿಯರಿಂಗಿನ ಮೇಲಿದ್ದ ಅವಳ ಕೈಗಳನ್ನು ನಾನು ಹಿಡಿದುಕೊಂಡೆ. ಬೆರಳುಗಳು ತಣ್ಣಗಾಗಿದ್ದವು.

"ನೀವೇ ಹೊಡೀರಿ ಇನ್ನ, ನನ್ನ ಕೈ ಸೋತಾವ. ಹೋಗೂಮುಂದ, ಬರೂಮುಂದ, ದಾರಿತುಂಬ ಭಾಳ ಅಂಜಿದೆರಿ."

ಇದು ನನಗೆ ಹೊಸ ಸುದ್ದಿ. ಮದುವೆಯಾಗಿ ಹನ್ನೊಂದು ವರ್ಷ ಅಂಜಿಕೆಯ ಖಾತೆ ನನ್ನೊಬ್ಬನದೇ ಎಂದು ತಿಳಿದಿದ್ದೆ. "ಅಷ್ಟು ಅಂಜಿಕಿ ಆಗಿದ್ರ ಹ್ಯಾಂಗ ಹೋದಿ?" ಎಂದು ಕೇಳಿದೆ.

ಅವಳು ನನ್ನನ್ನು ನೋಡಿದ ರೀತಿಯಲ್ಲಿ, ಇದೆಂಥ ಪ್ರಶ್ನೆ ಎಂಬ ಭಾವವಿತ್ತು. "ಅಂಜಿಕೋತನ ಹೋದೆರಿ," ಅಂದಳು.

ಅಂಜಿಕೆ ಪೂರ್ತಿ ಹೋಗಲಿ, ಆಮೇಲೆ ಹೊರಟರಾಯಿತು ಎಂದು ಒಂದು ವರ್ಷ ವಾಡಿಯ ದಾರಿ ತುಳಿದಿದ್ದೆ. ಅದನ್ನು ಪಕ್ಕದಲ್ಲಿ ಕೂಡಿಸಿಕೊಂಡೂ ಹೋಗಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಅವಳು ಪಕ್ಕಕ್ಕೆ ಸರಿದಳು, ನಾನು ಹತ್ತಿ ಕೂತೆ. ದಂಡೆಯ ಮೇಲಿನ ಸಾಮಾನು ನಾಳೆ ನೋಡೋಣ ಅಂದೆ. ಎದುರಿಗೆ ಬೆಳಗಿನ ಅದೇ ತಗ್ಗು, ಅದರಾಚೆ ಮನೆಯ ದಾರಿ. ನಾಲಿಗೆಯ ತುದಿಗೆ "ನಿಲ್ಲಸು" ಬಂದು ಕೂತಿತ್ತು. ಅದನ್ನು ನುಂಗಿ, ಸಣ್ಣ ಗೇರು ಎಳೆದು, ಕಾಲು ಎತ್ತದೆ ಹೊಡೆದೆ.